ಸೋವಿ ದುರ್ಬೀನ

ಇಲ್ಲ ನಾಮದೇವ, ಅದು ಭಾಳ ಉದ್ದಾತು. ನೀ ಕೈಯಾಗ ಹಿಡದ ನೋಡು, ಬಂದೂಕನ ಇಷ್ಟ ಗಿಡ್ಡ ಐತಿ. ಗಿಡ್ಡ ಇರಲಿ ಅಂತನ ತೊಗೊಂಡಿದ್ದೆ, ದ್ರಾಕ್ಷಿ ಹಂದರದ ಕೆಳಗ ಬಗ್ಗಿ ಓಡ್ಯಾಡಾಕ ಸಲೀಸ ಆಕ್ಕೈತಿ ಅಂತ. ಇದರ ಮ್ಯಾಲ ಅಷ್ಟುದ್ದ ದುರ್ಬೀನ ಕುಂದ್ರಿಸಿದ್ರ ನಳಿಗಿ ಮಡಚಿ ಸೀಸದ ಛರ್ರಾ ತುಂಬೂದ ಹೆಂಗ? ಕೈಗೆ ಅಡ್ಡ ಬರ್ತೈತಿ. ಮಿರಜದಾಗ ಅಂಗಡಿಯಾಂವನೂ ಅದನ್ನ ಹೇಳಿದ. ಮೂರ ಥರಾ ತೋರಿಸ್ಯಾನ. ನೋಡಿಲ್ಲೆ, ಕಾಗದದ ಮ್ಯಾಲ ಬರಕೊಂಡ ಬಂದೇನಿ. ಬೆರಳಿನಷ್ಟ ಸಣ್ಣದು ಆರನೂರಾ ಐವತ್ತು. ನಾಕ ಪಟ್ಟ ದೊಡ್ಡದ ಮಾಡಿ ತೋರಿಸೂದು ಹದಿನೆಂಟನೂರು. ಇನ್ನೊಂದು, ತಿರುವಿದಂಗ ದೊಡ್ಡದು ಸಣ್ಣದು ಆಗೂದು, ಮೂರ ಸಾವಿರದಾ ನಾಕನೂರು. ನನ್ನ ಕೈಯಾಗ ಎರಡ ಸಾವಿರ ಐತಿ ಅಂತ ತಿಳಕೊ. ಯಾವುದ ಹಿಡೀಲಿ?

ನಗ್ತಿ ಯಾಕ? ಹತ್ತ ಎಕರೆ ದ್ರಾಕ್ಷಿ ಬಾಗ ಇಟಗೊಂಡ ರಾವಸಾಹೇಬ ಒಂದ ದುರ್ಬೀನಕ್ಕ ಇಷ್ಟ ಎಳದಾಡ್ತಾನ ಅಂತ ನಗ್ತಿ. ನಗು. ನಮ್ಮಪ್ಪ ಚಪ್ಪಲಿ ಸವೀತಾವಂತ ಕೈಯಾಗ ಹಿಡಕೊಂಡ ಹೊಲಕ್ಕ ಹೋಗ್ತಿದ್ದ, ಅಂವನ ಮಗಾ ನಾನು. ನಮ್ಮ ಹುಡುಗ ವಿಕ್ರಾಂತ ಮೊಬೈಲ್ದಾಗ ಹದಿನೈದ ಸಾವಿರದ್ದ ತೋರಿಸಿದ. ಅಷ್ಟು ರೊಕ್ಕಾ ಕೊಟ್ಟು ದ್ರಾಕ್ಷಿ ತಿನ್ನೂ ಗಿಣಿ ಹೊಡಿಯೂದಕಿಂತ ಗಿಣಿಗೊಂದು ಬಾಗ ಬರದ ಕೊಡೂದ ಚಲೋ ಅಂದೆ ಅಂವಗ. ಅದಕ್ಕ ನಿನ್ನ ಕಡೆ ಬಂದೆ. ನೀ ಹದಿನೇಳ ವರ್ಷ ಮಿಲಿಟ್ರ್ಯಾಗ ಇದ್ದಾಂವ, ಈಗೂ ಅಥಣಿ ಬ್ಯಾಂಕಿನ ಬಾಗಲದಾಗ ಬಂದೂಕ ಹಿಡಕೊಂಡ ನಿಂದರ್ತಿ. ಬಂದೂಕಿನ ಮಾತ ಈ ಊರಾಗ ಬ್ಯಾರೆ ಯಾರನ್ನ ಕೇಳಲಿ?

ಚಾ ಯಾಕ ಮಾಡಾಕ ಹೋದಿ... ನಿನ್ನ ಹೇಣ್ತಿ ಸುಂದರಾ ಇಲ್ಲೇನು? ಹಾಂ, ಮಗಳು ನೀಲಮನ ಕೂಸಿಗೆ ಸೂಜಿ ಹಾಕಿಸಾಕ ಇಬ್ಬರೂ ಅಂಗನವಾಡಿಗೆ ಹೋಗ್ಯಾರ. ಬರೂದು ತಡಾ ಆಕ್ಕೈತೇನು? ಅರ್ಧಾ ತಾಸು. ಆತು. ಕೊಡು, ಕುಡೀತೇನಿ.

ಏನ ನೋಡಾಕತ್ತಿ? ಗೊತ್ತಾತು. ನಿಮ್ಮ ಮನ್ಯಾಗ ನಾ ಚಾ ಕುಡದಿಲ್ಲ. ಖರೇ ಐತಿ ನಾಮದೇವ, ಕುಡದಿಲ್ಲ. ಸಾಲ್ಯಾಗ ನಾವಿಬ್ಬರೂ ಒಂದ ತಟ್ಟಿನ ಮ್ಯಾಲ ಕುಂತವ್ರು, ನನಗ ಭಾಗಾಕಾರ ಕಲಸಿದಾಂವ ನೀನು. ಆದ್ರ ಈ ಓಣಿಗೆ ಬಂದ್ರ ರಸ್ತೇದ ಮ್ಯಾಲ ನಿಂತ ಒದರಿ ಹೊಳ್ಳಿ ಹೋಗ್ತಿದ್ದೆ. ಇವತ್ತ ಒಳಗ ಬಂದು ಕುಂತೇನಿ, ಬಸಿಯಾಗ ಹಾಕ್ಕೊಂಡ ಚಾ ಕುಡೀತೇನಿ. ಸಕ್ರಿ ಜರಾ ಹೆಚ್ಚಾಗೇತಿ. ಇರಲಿ, ಚಲೋ ಐತಿ.

ಹಾಂ, ಹೇಳು. ಸಣ್ಣದು ಬ್ಯಾಡ ಅಂತಿ? ಯಾಕ? ಓ... ಸ್ಪ್ರಿಂಗಿನ ಬಂದೂಕ ಹಿಂದೂ ಒದೀತೈತಿ, ಮುಂದೂ ಒದೀತೈತಿ. ಸೋವಿ ದುರ್ಬೀನಿನ ಒಳಗಿನ ಗಾಜು ಹತ್ತ ದಿನಕ್ಕ ಸಡಲ ಆಕ್ಕೈತಿ. ಇದು ಗೊತ್ತಿರಲಿಲ್ಲ ನೋಡು. ಹಂಗಾದ್ರ ಆ ಹದಿನೆಂಟನೂರಿಂದು ಹಿಡಿಯೂಣು. ಮತ್ತ ಕಣ್ಣಿಗೆ ಭಾಳ ಹಂತೇಕ ಕುಂದ್ರಿಸಬಾರದು. ಒದ್ದಾಗ ಹುಬ್ಬಿಗೆ ಬಡೀತೈತಿ. ಕಣ್ಣಿಗೇನರೆ ಬಡೀತಂದ್ರ... ಹೂಂ. ಕಣ್ಣಿನ ಮಾತ ಬ್ಯಾಡ ಬಿಡು ಈ ಮನ್ಯಾಗ. ತಪ್ಪ ತಿಳೀಬ್ಯಾಡ, ಬಾಯಿಗೆ ಬಂತು.

ಅಕಿಗೆ ಈಗ ಹೆಂಗೈತಿ? ಎಡಗಣ್ಣ ಹೋದದ್ದ ಹೋತು, ಬಲಗಣ್ಣಿಗೆ ಏನೂ ತ್ರಾಸಿಲ್ಲಲ್ಲ? ಡಾಕ್ಟರ ವರ್ಷಕ್ಕೊಮ್ಮಿ ತೋರಸ್ರಿ ಅಂದಿದ್ದ. ಬರೂ ಡಿಸೆಂಬರಕ್ಕ ವರ್ಷ ಆಕ್ಕೈತಿ. ಗಾಡಿ ನಾ ಕಳಸ್ತೇನಿ, ನೀ ಬಸ್ಸಿನ್ಯಾಗ ಕರಕೊಂಡ ಹೋಗಬ್ಯಾಡ.

ತುಕ್ಕ ಹಿಡದೈತಿ ಅಂತೀಯೇನು? ಕೊಡಿಲ್ಲೆ... ಹೌದಲ್ಲ. ಹನ್ನೊಂದ ತಿಂಗಳಾತು, ಹೊರಗ ತಗದಿಲ್ಲ. ಹೋದ ವರ್ಷ ತೊಗೊಂಡ ಮ್ಯಾಲ ನಾಕ ದಿನಾ ಹೊಡದಿದ್ದೆ, ಅಷ್ಟ. ಹಂಗಾಮದಾಗ ಗಿಣಿ ಹಿಂಡಗಟ್ಲೆ ಬಂದ್ವು, ಆದ್ರೂ ತಗೀಲಿಲ್ಲ. ಹೊಲದ ಆಳು ಉತ್ತಮಗ ಡಬ್ಬಿ ಬಡಿ ಅಂದೆ. ಯಾಕಂದ್ರ... ಸುಂದರಾಂದು ಹಂಗಾತಲ್ಲ. ಮನಸ ಬರಲಿಲ್ಲ.

ಏನಂದಿ? ಅಕಿ ಕಣ್ಣಿಗೂ ಬಂದೂಕಿಗೂ ಏನ ಸಂಬಂಧ ಅಂತಿ? ಏನಿಲ್ಲ. ನಾ ಎಲ್ಲಿ ಸಂಬಂಧ ಹಚ್ಚಿದೆ? ಥಿನ್ನಿಂಗ ಮಾಡೂ ಮುಂದ ಅಕಿ ಕತ್ರಿ ಅಕಿ ಕಣ್ಣಾಗ ಹೋತು, ಇದು ಊರಿಗೆಲ್ಲ ಗೊತ್ತೈತಿ. ಮ್ಯಾಲ ಮಾರಿ ಮಾಡಿ ಗೊನಿಯೊಳಗಿನ ಕಾಯಿ ಕತ್ತರಸೂದು, ದಿನಾ ಎರಡ ನೂರ ಗೊನಿ. ಕೈ ಸೋಲ್ತಾವ, ಕತ್ರಿ ಜಾರ್ತೈತಿ. ಯಾರಿಗಾದ್ರೂ ಆಗೂದ ಅದು.

ಎಷ್ಟ ದೂರಕ್ಕ ದುರ್ಬೀನ ಜೋಡಿಸಬೇಕಂದಿ? ನಲವತ್ಮೂರ ಹೆಜ್ಜಿ. ಮೋಟರ ಖೋಲಿ ಕಟ್ಟಿಯಿಂದ ಹಂದರದ ಕಡೀ ಸಾಲಿನ ತನಕ. ಹೂಂ, ಅಳದೇನಿ. ಸುಮ್ಮ ಅಳದೆ. ಹೊಲಾ ನಂದು, ಕಾಲ ನನ್ನವು. ಅಳದ್ರ ಏನಾತು?

ಗಿಣಿ ಹೊಲದ ತುಂಬ ಕೂಡ್ತಾವ, ಒಂದ ಸಾಲಿಂದ ಯಾಕ ಅಳದಿ ಅಂತಿ. ನೀ ಪೊಲೀಸ ಆಗಬೇಕಾಗಿತ್ತ ಮಾರಾಯಾ. ಅಲ್ಲೆ ಬೆದರಗೊಂಬಿ ಇರ್ತಿತ್ತಲ್ಲ, ಬಾಜೂಕ ಗೋವಿನಜೋಳ ಹಾಕಿದ್ದೆ, ಅದಕ್ಕಂತ ನಿಂದರ್ಸಿದ್ದು. ಸುಂದರಾನ ಮಾಡಿದ್ಳು ಅದನ್ನ. ನಿನ್ನ ಬ್ಯಾಂಕಿನ ಹಳೀ ನೀಲಿ ಅಂಗಿ ಎರಡ ತಂದಿದ್ಳು. ಒಂದು ಗೊಂಬಿಗೆ ಹಾಕಿದ್ಳು, ಇನ್ನೊಂದು ತಾನ ಸೀರಿ ಮ್ಯಾಲ ಹಾಕ್ಕೊಂಡ ಕೆಲಸಕ್ಕ ಬರ್ತಿದ್ಳು. ನೀ ನಕ್ಕಿದ್ದೆಪಾ ಅವಾಗ, ನನ್ನ ಯುನಿಫಾರ್ಮದಾಗ ಇಬ್ಬರ ಡ್ಯೂಟಿ ಮಾಡಾಕತ್ತಾರ ಅಂತ. ನೆನಪೈತಿ? ಹೊಸಾ ಬಂದೂಕ, ಗುರಿ ಕೂಡಿಸಿ ನೋಡಾಕ ಆ ಗೊಂಬಿಗೆ ಹೊಡೀತಿದ್ದೆ. ಸಣ್ಣ ಹುಡುಗರಗತೆ. ಐವತ್ತೆರಡ ವರ್ಷದಾಂವ ಮೋಟರ ಖೋಲಿ ಕಟ್ಟಿ ಮ್ಯಾಲ ಮಕಾಡಿ ಮಲಗಿ ಗೊಂಬಿಗೆ ಛರ್ರಾ ಹೊಡಿಯೂದು.

ಗೊಂಬಿ ಈಗ ಇಲ್ಲ. ಕಿತ್ತ ಸುಟ್ಟೇನಿ.

ಯಾಕಂದ್ರ ಯಾಕ. ಹಳೇದಾಗಿತ್ತು.

ಬಂದೂಕ ಯಾಕ ಕೆಳಗಿಟ್ಟಿ? ತೊಗೋ, ಕೈಯಾಗ ಹಿಡಿ. ನಾ ದುರ್ಬೀನ ಕೇಳಾಕ ಬಂದೇನಿ, ನೀ ಗೊಂಬಿ ಹಿಂದ ಬಿದ್ದಿ. ಗಿಣಿ ಓಡಸಾಕ ಸಪ್ಪಳ ಸಾಕು, ದುರ್ಬೀನ ಯಾಕ ಬೇಕು ಅಂತ ಕೇಳಬೇಕಂತಿ ಹೌದಿಲ್ಲ? ಹೇಳ್ತೇನಿ, ನಿನ್ನ ಮುಂದ ಯಾಕ ಮುಚ್ಚಿಡ್ಲಿ. ನನಗ ಕಣ್ಣ ಕಾಣಂಗಿಲ್ಲ. ಅಂದ್ರ ಕಾಣ್ತೈತಿ, ದೂರದ್ದ ಮಸಕ ಮಸಕ. ಚಿಕ್ಕೋಡಿಯಾಗ ಕಣ್ಣಿನ ಡಾಕ್ಟರ ಚಾಳೀಸ ಕೊಟ್ಟಿದ್ದ. ಒಂದ ದಿನಾ ಹಾಕ್ಕೊಂಡ ಬಾಗಕ್ಕ ಹೋದ್ರ ಚಂದ್ರಮತಿಯ ಕೂಲಿ ಗ್ಯಾಂಗಿನ ಹೆಣ್ಣಮಕ್ಕಳೆಲ್ಲ ಸಾವ್ಕಾರ ಮಾಸ್ತರ ಆಗ್ಯಾರ ಅಂತ ನಕ್ರು. ತಗದ ತಿಜೂರ್ಯಾಗ ಇಟ್ಟೆ. ನನ್ನ ಹೇಣ್ತಿ ಮಂಗಲ ಇವತ್ತಿಗೂ ಬೈತಾಳ. ದುರ್ಬೀನ ಹಚ್ಚಿದ್ರ ಚಾಳೀಸ ಬೇಕಾಗಂಗಿಲ್ಲ, ಎದುರಿಗೆ ಏನ ನಿಂತೈತಿ ಅನ್ನೂದು ಚೊಕ್ಕ ಕಾಣ್ತೈತಿ. ಗಿಣಿನೋ, ಗೊಂಬಿನೋ, ಯಾರರೆ ಮನಷ್ಯಾರೋ...

ಚಾಳೀಸ ಕೊಟ್ಟದ್ದು ಯಾವಾಗ? ಅದು... ಎರಡ ವರ್ಷ ಆತು.

ಹೌದು. ಡಿಸೆಂಬರಕ್ಕಿಂತ ಮದಲ.

ಸುಮ್ಮನಾದಿ ಯಾಕ? ನಾಮದೇವ, ಏನರೆ ಕೇಳು. ಇಷ್ಟೊತ್ತು ಕೇಳಾಕತ್ತಿದ್ದೆಲ್ಲ, ಹಂಗ ಕೇಳು. ನೀ ಕೇಳಿದ್ರ ನಾ ಏನರೆ ಸುಳ್ಳ ಹೇಳ್ತೇನಿ. ನೀ ಹಿಂಗ ಕುಂತ್ರ ನನಗ ಬಾಯಿ ನಿಂದರಂಗಿಲ್ಲ.

ನಾ ದುರ್ಬೀನ ಕೇಳಾಕ ಬಂದಿಲ್ಲ. ದುರ್ಬೀನ ತೊಗೊಳ್ಳಾಕ ಮಿರಜಕ್ಕ ಹೋದದ್ದು ಖರೇ, ಕಾಗದ ಬರಕೊಂಡದ್ದು ಖರೇ. ಆದ್ರ ಮೊನ್ನಿ ಮಂಗಲ ಒಂದ ಮಾತ ಹೇಳಿದ್ಳು. ನೀಲಮ ಕೂಸಿನ ಉಗುರ ತಗೀ ಅಂತ ಸುಂದರಾನ ಕೈಯಾಗ ಕೊಟ್ರ ಅಕಿ ಒಲ್ಲೆ ಅಂದ್ಳಂತ. ನನ್ನ ಕೈ ಕೆಟ್ಟದೈತಿ, ನನ್ನ ಕಣ್ಣ ನಾನ ಚುಚ್ಚಿಕೊಂಡಾಕಿ, ಕೂಸಿಗೆ ಏನರೆ ಮಾಡೇನು ಅಂತ ಅತ್ಳಂತ. ಈಳಿಗಿ ಮುಟ್ಟಂಗಿಲ್ಲಂತ, ಕುಡಗೋಲ ಮುಟ್ಟಂಗಿಲ್ಲಂತ. ಮಮ್ಮಗಳನ್ನ ಎತ್ತಿಕೊಳ್ಳಾಕೂ ಅಂಜತಾಳಂತ. ಹೌದೇನು? ಅಂಗನವಾಡಿಗೂ ಕೂಸನ್ನ ನೀಲಮನ ಎತ್ತಿಕೊಂಡ ಹೋಗಿರಬೇಕು, ಅಕಿ ಹಿಂದ ಖಾಲಿ ಕೈಲೆ ನಡದಿರಬೇಕು. ನೀ ತಲಿ ಕೆಳಗ ಹಾಕಿದಿ. ಹಂಗಾದ್ರ ಖರೇ.

ಚಂದ್ರಮತಿ ಅಕಿನ್ನ ಗ್ಯಾಂಗಿನ್ಯಾಗಿಂದ ಬಿಡಿಸಿದ್ಳು. ಕತ್ರಿ ಹಿಡಿಯಾಕ ಬರದಾಕಿ ಅಂದ್ಳು. ಹನ್ನೆರಡ ವರ್ಷ ನನ್ನ ಬಾಗದಾಗ ಅಕಿಯಂಗ ಗೊನಿ ಯಾರೂ ಬಿಡಸ್ತಿರಲಿಲ್ಲ. ನೀನೂ ಬೈದಿ. ದವಾಖಾನ್ಯಾಗ ನಾ ಬಾಗಲಾಚಿ ನಿಂತ ಕೇಳಿದೆ. ಲಕ್ಷ್ಯ ಎಲ್ಲಿ ಇಟ್ಟಿದ್ದಿ, ಕೈಯಾಗ ಕತ್ರಿ ಐತಿ ಅನ್ನೂ ಖಬರಿಲ್ಲೇನು ಅಂತ ಪಟ್ಟಿ ಕಟ್ಟಿದ ಕಣ್ಣಿನಾಕಿಗೆ ಬೈದಿ. ಅಕಿ ಹೌದ್ರಿ ಹೌದ್ರಿ ಅಂತಿದ್ಳು. ನಾ ಒಳಗ ಬಂದು ಬೈಬ್ಯಾಡೋ ಅಂದೆ. ಅವಾಗ ನೀ ಏನ ಮಾಡಿದಿ? ಬಗ್ಗಿ ನನ್ನ ಕಾಲ ಮುಟ್ಟಿದಿ. ದೇವರಂಗ ಬಂದ್ರಿ ಸಾವ್ಕಾರ್ರ, ಇಷ್ಟ ಖರ್ಚ ಯಾರ ಮಾಡ್ತಾರ ಅಂದಿ. ಮುಟ್ಟಬ್ಯಾಡ ಅನ್ನಾಕ ನನಗ ಬಾಯಿ ಬರಲಿಲ್ಲ. ಕಾಲ ಹಿಂದಕ್ಕ ತಗೊಳ್ಳಾಕೂ ಬರಲಿಲ್ಲ. ಅವತ್ತಿಂದ ನಿನ್ನ ನೋಡಿದ್ರ ನಾ ಹಾದಿ ಬಿಟ್ಟ ಹೋಗ್ತಿದ್ದೆ. ನಾಚಿಕಿಂದ ಸತ್ತ ಬದುಕೇನಿ ನಾಮದೇವ.

ಇನ್ನ ಹೇಳಬೇಕೇನು? ನಿನಗ ತಿಳದೈತಿ. ಮಾರಿ ನೋಡಿದ್ರ ತಿಳೀತೈತಿ. ಆದ್ರೂ ನಾನ ಹೇಳಬೇಕಂತಿ... ಅನ್ನೂದಿಲ್ಲ ನೀ.

ಆ ಮುಂಜಾನಿ ಉತ್ತಮ ಗೊಂಬಿ ಕಿತ್ತು ಗೋವಿನಜೋಳದ ನಡುವ ನಿಂದರ್ಸಿದ್ದ. ನನಗ ಹೇಳಿರಲಿಲ್ಲ. ಹೆಣ್ಣಮಕ್ಕಳು ರೊಟ್ಟಿ ತಿನ್ನಾಕ ಗಿಡದ ಬುಡಕ ಹೋದ್ರು. ಒಂದ ಬಳ್ಳಿ ಉಳದೈತಿ, ಮುಗಿಸಿ ಬರ್ತೇನಿ ಅಂತ ಸುಂದರಾ ಅಲ್ಲೇ ನಿಂತಾಳ. ಅದೂ ನನಗ ಗೊತ್ತಿಲ್ಲ. ಕಟ್ಟಿ ಮ್ಯಾಲ ಮಲಗಿ ನೋಡಿದ್ರ ಕಡೀ ಸಾಲಿನ್ಯಾಗ, ಗೊಂಬಿ ಇರೂ ಜಾಗಾದಾಗ, ನೀಲಿ ಅಂಗಿ. ಎರಡೂ ಕೈ ಮ್ಯಾಲ. ತಲಿಗೆ ಬಿಳೇ ಅರಬಿ. ಔಷಧದ ಧೂಳ ಬ್ಯಾಡಂತ ಅಕಿ ಮಾರಿ ತುಂಬ ಟಾವೆಲ್ ಸುತಗೊಂಡಿದ್ಳು, ಕಣ್ಣ ಅಷ್ಟ ಬಿಟ್ಟ. ಅಲಗಾಡಲಿಲ್ಲ ಅಕಿ. ಗೊನಿಯೊಳಗ ಕಾಯಿ ಆರಸೂ ಮುಂದ ಹೆಣ್ಣಮಕ್ಕಳು ಹಂಗ ನಿಂದರ್ತಾರ, ನಿನಗ ಗೊತ್ತೈತಿ. ನಾ ಗೊಂಬಿ ಅಂತ ತಿಳದೆ. ತಿಳದ ಹೊಡದೆ.

ಛರ್ರಾ ಅಕಿ ಮಾರಿಗೆ ಬಡೀಲಿಲ್ಲ. ಕತ್ರಿಗೆ ಬಡೀತು. ಕತ್ರಿ ಅಕಿ ಕಣ್ಣಾಗ ಹೋತು. ಡಾಕ್ಟರಗ ಕಂಡದ್ದು ಕತ್ರಿ ಗಾಯ, ಅಂವ ಕತ್ರಿ ಅಂತನ ಬರದ. ಬಾಜೂ ಹೊಲದಾಗ ಔಷಧ ಹೊಡಿಯೂ ಟ್ರ್ಯಾಕ್ಟರ ನಡದಿತ್ತು, ಬಂದೂಕಿನ ಸಪ್ಪಳ ಯಾರಿಗೂ ಕೇಳಲಿಲ್ಲ.

ಗೊಂಬಿ ಒದರೂದಿಲ್ಲ ನಾಮದೇವ. ಅದು ಒದರಿತು.

ಓಡಿ ಹೋಗಬೇಕಿತ್ತಲ್ಲ? ಹೋಗಲಿಲ್ಲ. ಮದಲ ಬಂದೂಕ ಮುಚ್ಚಿಟ್ಟೆ. ಮೋಟರ ಖೋಲ್ಯಾಗ ಟ್ರೇ ಒಟ್ಟಿದ್ವು, ಅವುಗಳ ಹಿಂದ ತುರಕಿ, ಗೋಣಿಚೀಲ ಹೊಚ್ಚಿ, ಬಾಗಲಕ್ಕ ಕೀಲಿ ಹಾಕಿ, ಆಮ್ಯಾಲ ಓಡಿದೆ. ಕೀಲಿ ಹಾಕೂತನಕಾ ಅಕಿ ಒದರೂದು ಕೇಳ್ತಿತ್ತು. ಕೀಲಿ ಬೀಳಲಿಲ್ಲ, ಎರಡ ಸಲ ಹಾಕಿದೆ. ಕತ್ರಿ ಮ್ಯಾಲ ಸೀಸದ ಗುರ್ತ ಬಿದ್ದಿತ್ತು. ಅದನ್ನ ಬಾವ್ಯಾಗ ಒಗದೆ.

ಬೈ ನನ್ನ. ಎದ್ದ ಎರಡ ಹೊಡಿ. ನೀ ಮಿಲಿಟ್ರ್ಯಾಗಿನಾಂವ, ಹೊಡಿಯಾಕ ಏನ ಅಂಜಿಕಿ? ಇಲ್ಲಾ ಪೊಲೀಸಗ ಹೇಳು, ನಾ ಒಲ್ಲೆ ಅನ್ನೂದಿಲ್ಲ. ಮಾತರೆ ಆಡೋ. ಬಂದೂಕ ನೆಟ್ಟಗಿರಲಿಲ್ಲ ಅನ್ನು, ಸೋವಿ ಬಂದೂಕ, ಹಿಂಗ ಆಕ್ಕೈತಿ ಅನ್ನು. ಕಣ್ಣ ಕಾಣದಾಂವ ಏನ ಮಾಡ್ಯಾನು ಅನ್ನು. ಉತ್ತಮ ಗೊಂಬಿ ಸರಸಬಾರದಿತ್ತು ಅನ್ನು...

ಅನ್ನಂಗಿಲ್ಲ.

ಒಂದ ಕೆಲಸಾ ಮಾಡು. ಸುಂದರಾಗ ನೀನ ಹೇಳಿಬಿಡು. ನೀ ಗಂಡಾ, ನೀ ಹೇಳಿದ್ರ ಅಕಿಗೆ ಸಮಾಧಾನ ಆಕ್ಕೈತಿ. ನಾ ಈಗ ಹೋಗ್ತೇನಿ, ಬಂದೂಕ ಇಲ್ಲೇ ಇರಲಿ, ಮುರದ ಒಗಿ. ನಾಳೆ ಊರ ಮುಂದ ಎಲ್ಲಾರಿಗೂ ಹೇಳ್ತೇನಿ. ಚಂದ್ರಮತಿಗೆ ಹೇಳ್ತೇನಿ. ಅಕಿಗೆ ಒಬ್ಬಾಕಿಗೆ ನೀ ಹೇಳು. ನನಗ ಅಕಿ ಮುಂದ ನಿಂದರಾಕ ಆಗೂದಿಲ್ಲ.

ಯಾಕ ಆಗೂದಿಲ್ಲ ಅಂತ ನೀ ಕೇಳೂದಿಲ್ಲ. ಕುಂತ ನೋಡ್ತಿ ಅಷ್ಟ.

ಇನ್ನೊಂದೈತಿ. ಅದನ್ನ ಮಂಗಲಗೂ ಹೇಳಿಲ್ಲ.

ನಾ ಓಡಿ ಹೋದಾಗ ಅಕಿ ನೆಲದ ಮ್ಯಾಲ ಕುಂತಿದ್ಳು. ಅಂಗೈಯಿಂದ ಕಣ್ಣ ಒತ್ತಿ ಹಿಡದಿದ್ಳು, ರಗತ ನಿನ್ನ ಅಂಗೀ ತೋಳಿನ ಮ್ಯಾಲ ಇಳೀತಿತ್ತು. ಯಾರೋ ಬಂದ್ರು ಅಂತ ತಿಳದು ಇನ್ನೊಂದ ಕೈಲೆ ನನ್ನ ಧೋತರ ಹಿಡಕೊಂಡ್ಳು. ಏನೋ ಬಂದ ಬಡದಂಗಾತ್ರಿ ಸಾವ್ಕಾರ್ರ, ಕೈಗೆ ಏನೋ ಬಡೀತು, ಏನ ಬಡೀತ ನೋಡ್ರಿ ಅಂದ್ಳು. ಅಕಿಗೆ ಗೊತ್ತಾಗಿತ್ತು ನಾಮದೇವ. ಏನೋ ಬಡೀತು ಅನ್ನೂದು ಅಕಿ ಕೈಗೆ ಗೊತ್ತಾಗಿತ್ತು. ಎರಡ ಸಲ ಕೇಳಿದ್ಳು. ನಾ ಏನ ಹೇಳಿದೆ? ಏನೂ ಬಡದಿಲ್ಲ ಸುಂದರಾ, ನಿನ್ನ ಕತ್ರಿ ಜಾರೇತಿ ಅಂದೆ. ಇಲ್ರಿ, ಬಡೀತ್ರಿ ಅಂದ್ಳು. ನಿನ್ನ ಕೈಯ ಜಾರೇತಿ ಅಂದೆ. ಗಾಡ್ಯಾಗ ಮಿರಜ ಮುಟ್ಟೂತನಕಾ ಅದನ್ನ ಅಂದೆ. ಕಾಗವಾಡ ದಾಟೂದ್ರಾಗ ಅಕಿನೂ ಅನ್ನಾಕ ಹತ್ತಿದ್ಳು, ನನ್ನ ಕೈಯ ಜಾರ್ತು ಅಂತ.

ಕಣ್ಣ ಹೋದದ್ದು ನನ್ನ ಹುಡುಗಾಟಿಕೀಲೆ. ಆದ್ರ ಅಕಿ ಕೈ ಮ್ಯಾಲಿನ ನಂಬಿಕಿ ನಾ ತಿಳದ ತಿಳದ ಕಸಗೊಂಡೆ. ಅಳಾಕತ್ತ ಹೆಂಗಸಿನ ಬಾಜೂಕ ಕುಂತು, ತಲಿಗೆ ಕೈ ಹಚ್ಚಿ, ಸಮಾಧಾನ ಮಾಡಿದಂಗ ಮಾಡಿ ಕಸಗೊಂಡೆ.

ಬಾಗಲಾ ಯಾಕ ತಗದಿ? ಹೊರಗ ಹೋಗ ಅಂತೀಯೇನು... ಓ. ಬಂದ್ರು.

ಹೂಂ, ನೀಲಮನ ಕಂಕುಳಾಗ ಐತಿ ಕೂಸು. ಅಕಿ ಹಿಂದ ಬರಾಕತ್ತಾಳ, ಸೆರಗಿನ್ಯಾಗ ಕೈ ಸುತಗೊಂಡ. ನಾಮದೇವ, ನೀ ಒಂದ ಮಾತ ಮದಲ ಅನ್ನು, ಸಾವ್ಕಾರ ಏನೋ ಹೇಳಾಕ ಬಂದಾನ ಅಂತರೆ ಅನ್ನು. ಅಷ್ಟೂ ಅನ್ನಂಗಿಲ್ಲ? ಆತು. ಅದನ್ನೂ ನಾನ ಅಂತೇನಿ.

ಬಾ ಸುಂದರಾ, ಒಳಗ ಬಾ. ಚಾ ಬ್ಯಾಡ ತಂಗಿ, ಆತು, ನಾಮದೇವ ಕೊಟ್ಟ. ನೀ ಕುಂದರು. ನೀ ಕುಂದರು, ನಾ ನಿಂದರ್ತೇನಿ. ಅವತ್ತ ಬಾಗದಾಗ ನೀ ನನಗೊಂದ ಮಾತ ಕೇಳಿದ್ದಿ. ನೆನಪೈತಿ ಇಲ್ಲೋ... ಕೈಗೆ ಏನೋ ಬಡೀತ್ರಿ ಅಂದಿದ್ದಿ.

ಬಡದಿತ್ತವ್ವಾ. ನಾನ ಹೊಡದಿದ್ದೆ. ನಿನ್ನ ಕೈ ಜಾರಿರಲಿಲ್ಲ.